ಹಾರುವ ಮೇಷ್ಟ್ರನ್ನು ಪಾಸ್ ಮಾಡಿದವರು

ಶ್ರದ್ಧಾಂಜಲಿ ಸಭೆಯಲ್ಲಿ ನಗಬಾರದು ಎಂಬುದು ನನಗೂ ಗೊತ್ತು. ಆದರೂ ಕಳೆದ ತಿಂಗಳು ಯಲಹಂಕದ ಸಮುದಾಯ ಭವನವೊಂದರಲ್ಲಿ, ಹಾರ ಹಾಕಿದ ಫೋಟೋದ ಮುಂದೆ ಕುಳಿತು, ನಾನು ನಕ್ಕುಬಿಟ್ಟೆ. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ವೇದಿಕೆಯ ಮೇಲೆ ಮಾತಾಡುತ್ತಿದ್ದವರು ಆಗತಾನೇ "ದಿವಂಗತರು ಬಹಳ ಮಿತಭಾಷಿಗಳು" ಎಂದಿದ್ದರು. ಅವರದೇನೂ ತಪ್ಪಿಲ್ಲ. ಅವರಿಗೆ ದಿವಂಗತರು ಪರಿಚಯವಾದದ್ದು ನಿವೃತ್ತಿಯ ಮೇಲೆ, ಗಂಟಲಿನ ಆಪರೇಷನ್ ಆದಮೇಲೆ. ನಾನು ಬಲ್ಲ ಮನುಷ್ಯ ಮಿತಭಾಷಿಯಾಗಿದ್ದದ್ದು ಒಂದೇ ಒಂದು ವಾರ, ಅದೂ ಪೂರ್ತಿ ವಾರವಲ್ಲ. ಮನೆಗೆ ಬಂದು, ಕೈಕಾಲು ತೊಳೆದು, ಮೇಜಿನ ಮುಂದೆ ಕುಳಿತು ಬರೆಯಲು ತೊಡಗಿದ್ದೇನೆ. ಅಡ್ಡಾದಿಡ್ಡಿಯಾಗಿ ಬಂದರೆ ಅದು ಅವರ ಪ್ರಭಾವ.

ಹೆಸರು ಬರೆಯುವುದಿಲ್ಲ. ಬರೆದರೂ ನಮ್ಮ ಕಂಪನಿ ಬಸ್ಸಿನವರಿಗೆ ಗುರುತು ಹತ್ತುವುದಿಲ್ಲ. ನಮಗೆಲ್ಲ ಅವರು "ಇನ್ಸ್‌ಪೆಕ್ಟ್ರು".

ಯಶವಂತಪುರದ ಕಡೆ ಯಂತ್ರದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ನಾನು ಟೈಮ್ ಆಫೀಸಿನಲ್ಲಿ. ಯಾರು ಬಂದರು, ಯಾರು ತಡವಾಗಿ ಬಂದರು ಎಂದು ನೋಡುವುದು ನನ್ನ ಕೆಲಸ. ಯಲಹಂಕದಿಂದ ಹೊರಟು ಹೆಬ್ಬಾಳ, ಆರ್.ಟಿ. ನಗರ ದಾಟಿ ಕಾರ್ಖಾನೆಗೆ ಹೋಗುವ ಬಸ್ಸಿನ ಜವಾಬ್ದಾರಿಯೂ ನನ್ನದೇ. ಅವರು ಇನ್ಸ್‌ಪೆಕ್ಷನ್ ಸೆಕ್ಷನ್ನಿನಲ್ಲಿದ್ದರು. ತಯಾರಾದ ಪೀಸುಗಳು ಅವರ ಮೇಜಿಗೆ ಬರುತ್ತಿದ್ದವು. ಅವರು ಒಂದೊಂದನ್ನೇ ಗೇಜಿಗೆ ಹಾಕಿ ಅಳೆದು ಮೂರು ಬುಟ್ಟಿಗಳಿಗೆ ಹಾಕಬೇಕು: ಸರಿಯಿದ್ದರೆ ಪಾಸ್, ತಿದ್ದಬಹುದಾದರೆ ರಿವರ್ಕ್, ತಿದ್ದಲಾಗದಿದ್ದರೆ ಸ್ಕ್ರಾಪ್.

ಈ ಮೂರು ಬುಟ್ಟಿಗಳನ್ನು ಅವರು ಕಾರ್ಖಾನೆಯಲ್ಲಿ ಬಿಟ್ಟುಬರುತ್ತಿರಲಿಲ್ಲ. ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಚಕ್ಕುಲಿ ಕೊಟ್ಟರೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಒಂದು ಕಣ್ಣು ಮುಚ್ಚಿ, ಬೆಳಕಿಗೆ ತಿರುಗಿಸಿ ನೋಡಿ, ಕಚ್ಚಿ, "ಅಕ್ಕಾರ, ಪಾಸ್" ಎನ್ನುವರು. ಆಕೆಗೆ ನನ್ನ ಹೊಗಳಿಕೆಗಿಂತ ಆ ಮಾತೇ ದೊಡ್ಡದು. ನಾನು ಹೊಗಳುತ್ತಲೂ ಇರಲಿಲ್ಲವೆನ್ನಿ. ಪಕ್ಕದ ಮನೆಯವರು ಮಗಳಿಗೆ ಬಂದ ಗಂಡನ್ನು ತಲೆಗೂದಲು ಕಡಿಮೆ ಎಂದು ಬೇಡವೆಂದಾಗ ಇವರು ಕರೆಯದೆ ಹೋಗಿ ಕುಳಿತರು.

"ಟಾಲರೆನ್ಸ್ ಅಂತ ಒಂದು ಇರ್ತೈತ್ರೀ ಯಜಮಾನ್ರ. ಅಳತಿಗಿಂತ ಒಂದೀಟು ಹೆಚ್ಚು, ಒಂದೀಟು ಕಡಿಮಿ. ಅಷ್ಟು ಬಿಟ್ಟು ಕೊಡಲಿಲ್ಲಾಂದ್ರ ಜಗತ್ತಿನಾಗ ಒಂದು ಪೀಸೂ ಪಾಸ್ ಆಗಂಗಿಲ್ಲ. ನಾನೂ ಆಗಂಗಿಲ್ಲ, ನೀವೂ ಆಗಂಗಿಲ್ಲ. ಹುಡುಗ ಕೆಲಸಕ್ಕ ಬರ್ತಾನೋ ಇಲ್ಲೋ ಅಷ್ಟು ನೋಡ್ರಿ."

ಮದುವೆ ಆಯಿತು. ಊಟದಲ್ಲಿ ಅವರು ಮದುಮಗನ ತಲೆ ನೋಡಿ ನನಗೆ ಕಣ್ಣು ಹೊಡೆದರು.

ಗದಗಿನ ಕಡೆಯವರು. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ಅವರ ಮಾತು ಒಂದಿಷ್ಟೂ ಬದಲಾಗಲಿಲ್ಲ. ಬದಲಾಗುವಷ್ಟು ಹೊತ್ತು ಅವರು ಬೇರೆಯವರ ಮಾತನ್ನು ಕೇಳಿಸಿಕೊಂಡರೆ ತಾನೇ? ಸಿನಿಮಾ ಅಂದರೆ ಪ್ರಾಣ. ಕನ್ನಡ, ಹಿಂದಿ, ತೆಲುಗು, ಭಾಷೆ ತಿಳಿಯದ ಇಂಗ್ಲಿಷು, ಯಾವುದು ಬಂದರೂ ಶನಿವಾರವೋ ಭಾನುವಾರವೋ ನೋಡಿ ಮುಗಿಸುತ್ತಿದ್ದರು. ಸೋಮವಾರ ಬೆಳಿಗ್ಗೆ ಹೆಬ್ಬಾಳದ ಕೆರೆ ಕಾಣುವ ಹೊತ್ತಿಗೆ ಎದ್ದು ನಿಂತು, ಬಸ್ಸಿನ ಮೇಲಿನ ಕಂಬಿಯನ್ನು ಹಿಡಿದು, ಹಿಂದಕ್ಕೆ ಮುಖಮಾಡಿ ಶುರುಮಾಡುತ್ತಿದ್ದರು. ಕಾರ್ಖಾನೆಯ ಗೇಟು ಬರುವಷ್ಟರಲ್ಲಿ ತೀರ್ಪು ಬರಬೇಕು.

"ಅಳು ಓವರ್‌ಸೈಜ್ ಆಗೈತ್ರೀ. ತಾಯಿ ಅಳ್ತಾಳ, ತಂಗಿ ಅಳ್ತಾಳ, ಕಡಿಗೆ ಪೋಲೀಸನೂ ಅಳ್ತಾನ. ರಿವರ್ಕ್!"

"ಹೀರೋಯಿನ್‌ಗೆ ಹೂ ಹಿಡಕೊಂಡು ನಿಲ್ಲೂದು ಬಿಟ್ರ ಬ್ಯಾರೆ ಕೆಲಸ ಇಲ್ರೀ. ಅಕೀನ್ನ ತಗದು ಹೂದಾನಿ ಇಟ್ಟಿದ್ರೂ ನಡೀತಿತ್ತು. ಸ್ಕ್ರಾಪ್!"

ಬಸ್ಸಿನ ಅರ್ಧ ಜನ ಇವರು ಪಾಸ್ ಮಾಡಿದ ಸಿನಿಮಾಕ್ಕೆ ಮಾತ್ರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ನಾನು ಮಾತ್ರ ಹೋಗುತ್ತಿರಲಿಲ್ಲ. ನನ್ನ ಸಂಜೆಗಳಿಗೆ ಬೇರೆ ವ್ಯವಸ್ಥೆ ಇತ್ತು: ನಡಿಗೆ, ಸ್ನಾನ, ಸಂಧ್ಯಾವಂದನೆ, ರೇಡಿಯೋ ವಾರ್ತೆ, ಊಟ. ಆದರೆ ಸೋಮವಾರದ ಆ ಮಾತುಗಳನ್ನು ಮುಂದಿನ ಸೀಟಿನಲ್ಲಿ ಕುಳಿತು, ಕೇಳುತ್ತಿಲ್ಲವೆಂಬಂತೆ ಹೊರಗೆ ನೋಡುತ್ತ, ಒಂದಕ್ಷರ ಬಿಡದೆ ಕೇಳುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಒಂದು ಶುಕ್ರವಾರ ಯಲಹಂಕದ ಟಾಕೀಸಿಗೆ ಹೊಸ ಕನ್ನಡ ಸಿನಿಮಾ ಬಂತು. ಅದಕ್ಕೆ ಮುಂಚೆ ಒಂದು ಜಟಕಾ ಗಾಡಿ ಎರಡೂ ಬದಿಗೆ ಪೋಸ್ಟರು ಕಟ್ಟಿಕೊಂಡು, ತಮಟೆ ಬಡಿಸುತ್ತ, ಮೈಕಿನಲ್ಲಿ ಕೂಗುತ್ತ, ಬಾಗಲೂರು, ಹುಣಸಮಾರನಹಳ್ಳಿ, ಸಿಂಗಾಪುರ ಎಲ್ಲ ಸುತ್ತಿತ್ತು: "ನೋಡಿರಿ, ಆನಂದಿಸಿರಿ! ಆಕಾಶದಲ್ಲಿ ಹಾರುವ ಕನ್ನಡದ ವೀರ! ಕೆಂಪು ಮುಸುಕಿನ ಮಹಾಶೂರ!" ಸಿನಿಮಾದ ಹೆಸರು ಬೇರೆ ಏನೋ ಇತ್ತು. ಬಸ್ಸಿನಲ್ಲಿ ಅದು "ಹಾರೋ ಮೇಷ್ಟ್ರ ಸಿನಿಮಾ" ಎಂದೇ ಆಯಿತು. ಅದರ ನಾಯಕ ಹಳ್ಳಿಯ ಶಾಲೆಯೊಂದರ ಡ್ರಿಲ್ ಮೇಷ್ಟ್ರು.

ಆ ಸೋಮವಾರ ಇನ್ಸ್‌ಪೆಕ್ಟ್ರು ಹೆಬ್ಬಾಳದವರೆಗೆ ಕಾಯಲಿಲ್ಲ. ಯಲಹಂಕದಲ್ಲಿ ಬಸ್ಸು ಹತ್ತಿದವರು ಕೂರಲೇ ಇಲ್ಲ.

"ಕೇಳ್ರಿ, ಕೇಳ್ರಿ! ಡ್ರಿಲ್ ಮಾಸ್ತರ ಗುಡ್ಡದ ಮ್ಯಾಲ ಹುಡುಗರಿಗೆ ಕವಾಯತು ಹೇಳಿಕೊಡಾಕತ್ತಿರ್ತಾನ. ಸಿಡಿಲು ಬಡೀತೈತಿ. ಮಂದಿ ಸತ್ತ ಅಂತಾರ. ಮಾಸ್ತರ ಏಳ್ತಾನ, ಪೀಪಿ ಊದ್ತಾನ, ಊದಿದ ಹೊಡೆತಕ್ಕ ತಾನ ನೆಲ ಬಿಟ್ಟು ಮ್ಯಾಲ ಹೋಗ್ತಾನ! ಹಿಂಗ!" ಎಂದು ಎರಡೂ ಕೈ ಚಾಚಿದರು. ಡ್ರೈವರ್ ಕೆಂಪಣ್ಣ ಅದೇ ಹೊತ್ತಿಗೆ ಅಡ್ಡ ಬಂದ ಎಮ್ಮೆಗೆಂದು ಬ್ರೇಕು ಹಾಕಿದ. ಇನ್ಸ್‌ಪೆಕ್ಟ್ರು ಹಾರಿ ನನ್ನ ತೊಡೆಯ ಮೇಲೆ ಕುಳಿತರು. ಅಲ್ಲಿಂದಲೇ ಮುಂದುವರಿಸಿದರು. "ಅವನಿಗೆ ಕೆಂಪು ಅಂಗಿ ಹೊಲಿಯಾಕಿ ಯಾರು? ಅವನ ತಾಯಿ! ಅಕೀಗೆ ಗೊತ್ತಿಲ್ಲ, ಯಾರಿಗೆ ಹೊಲಿಯಾಕತ್ತೀನಿ ಅಂತ. ಊರ ನಾಟಕದ ವೇಷಕ್ಕ ಅಂತ ತಿಳದಾಳ. ಏನ್ ಐಡಿಯಾ ರೀ!"

"ಇಳೀರಿ ಮೊದಲು" ಎಂದೆ.

ಹಿಂದಿನಿಂದ ಒಂದು ನಗು ಕೇಳಿಸಿತು. ಸ್ಟೋರ್ಸಿನ ಮುನಿರಾಜಪ್ಪ. ಹೆಬ್ಬಾಳದ ಹತ್ತಿರದ ಹಳೆಯ ಹಳ್ಳಿಯೊಂದರ ಒಕ್ಕಲಿನವನು. ಆ ದಿನ ನೆಂಟರ ಮನೆಯಿಂದ ಬಂದವನು ಯಲಹಂಕದಲ್ಲೇ ಹತ್ತಿದ್ದ.

"ಇನ್ಸ್‌ಪೆಕ್ಟ್ರೇ, ನಾನೂ ನೋಡ್ದೆ ಕಣ್ರೀ. ಈರೋ ಆರೋದು ಬೆನ್ನಿಗೆ ಅಗ್ಗ ಕಟ್ಕೊಂಡು! ಅಗ್ಗ ಕಾಣ್ತೈತೆ! ಒಂದ್ ಕಿತಾ ಎಡಗಾಲಿನ್ ಚಪ್ಲಿ ಬೇರೆ ಕಳಚ್ ಬೀಳ್ತು. ಅಂಗೇ ಆರ್ತಾ ಓದ, ಒಂದೇ ಚಪ್ಲೀಲಿ!"

ಬಸ್ಸು ನಗೆಯಲ್ಲಿ ಮುಳುಗಿತು. ಇನ್ಸ್‌ಪೆಕ್ಟ್ರೂ ನಕ್ಕರು. ಅವರಲ್ಲಿ ಆ ಗುಣ ಇತ್ತು. ತಮ್ಮ ಪಕ್ಷದ ದೋಷವನ್ನು ಯಾರಾದರೂ ಚೆನ್ನಾಗಿ ಹೇಳಿದರೆ ಮೊದಲು ನಗುತ್ತಿದ್ದವರು ಅವರೇ.

"ಹಗ್ಗ ಅಲ್ರೀ, ತಂತಿ. ಕಾಣ್ತೈತಿ, ನಾ ಇಲ್ಲ ಅನ್ನಂಗಿಲ್ಲ. ಚಪ್ಪಲಿನೂ ಬಿತ್ತು. ಇನ್ನೂ ಹೇಳ್ತೀನಿ ಕೇಳ್ರಿ. ಖಳನಾಯಕನ ಮೀಸಿ ಒಂದು ಸೀನಿನಾಗ ದಪ್ಪ, ಇನ್ನೊಂದ್ರಾಗ ತೆಳ್ಳಗ. ಹಾಡು ಎರಡು ಹೆಚ್ಚಾಗ್ಯಾವ. ಇಷ್ಟೆಲ್ಲಾ ನೋಡೇ ಪಾಸ್ ಮಾಡೀನಿ. ಯಾಕ ಕೇಳ್ರಿ. ಮುನಿರಾಜಪ್ಪಾ, ತೊಗಲು ಬೊಂಬಿ ಆಟ ನೋಡೀರಿಲ್ಲೋ? ಕಡ್ಡಿ ಕಾಣ್ತೈತಿ, ಕುಣಿಸಾವನ ಕೈಯೂ ಕಾಣ್ತೈತಿ. ಹಂಗಂತ ಹನುಮಪ್ಪ ಲಂಕಾಕ್ಕ ಹಾರಲಿಲ್ಲ ಅಂತ ಎದ್ದು ಬಂದೀರೇನು?"

"ಅದು ದೇವ್ರು. ಇವ್ನು ಡ್ರಿಲ್ ಮೇಷ್ಟ್ರು."

"ಅದ ನಾ ಹೇಳಾಕತ್ತಿದ್ದು! ಇಷ್ಟು ದಿನ ಹಾರಾವರೆಲ್ಲ ದೇವರು. ಇಲ್ಲಾಂದ್ರ ಇಂಗ್ಲಿಷಿನವರು. ಈಗ ನಮ್ಮ ಕನ್ನಡ ಸಾಲಿ ಮಾಸ್ತರ ಹಾರ್ಯಾನ. ತಂತಿ ಕಾಣಲಿ ಬಿಡ್ರಿ, ಟಾಲರೆನ್ಸ್ ಒಳಗೈತಿ. ಮತ್ತ ಹಾರೂದಲ್ರೀ ದೊಡ್ಡದು. ಕಡಿಗೆ ಕೆರಿ ಏರಿ ಒಡೀತೈತಿ. ನೀರು ಊರ ಮ್ಯಾಲ ಬರಾಕತ್ತೈತಿ. ಮಾಸ್ತರ ಹಾರಿ ಬಂದು ಏನ್ ಮಾಡ್ತಾನ? ಮಂತ್ರ ಹಾಕಂಗಿಲ್ಲ, ಮುಷ್ಟಿಲೆ ಗುದ್ದಂಗಿಲ್ಲ. ಒಡದ ಜಾಗದಾಗ ಅಡ್ಡ ಮಲಗ್ತಾನ್ರೀ. ಮಲಗಿ, ಪೀಪಿ ಊದ್ತಾನ. ಪೀಪಿ ಕೇಳಿ ಊರ ಮಂದಿ ಎಲ್ಲಾ ಬುಟ್ಟಿ ಹೊತ್ತು ಮಣ್ಣು ತರ್ತಾರ. ಇಂಗ್ಲಿಷ್ ಪಿಚ್ಚರಿನಾಗ ಅವ ಒಬ್ಬನ ಎಲ್ಲಾ ಮಾಡ್ತಾನ, ಮಂದಿ ನಿಂತು ಚಪ್ಪಾಳಿ ಹೊಡೀತಾರ. ನಮ್ಮಂವ ಅಡ್ಡ ಮಲಗ್ತಾನ, ಮಣ್ಣು ಮಂದಿ ಹಾಕಬೇಕು. ಇಂಥ ಶೂರನ್ನ ನಾ ಎಲ್ಲೂ ನೋಡಿಲ್ಲ. ಪಾಸ್! ಪಾಸ್! ಪಾಸ್!"

ಒಂದೇ ಸಿನಿಮಾಕ್ಕೆ ಮೂರು ಸಲ ಪಾಸ್ ಅಂದದ್ದನ್ನು ನಾವು ಅಂದೇ ಕೇಳಿದ್ದು. ಅವರ ಕಿವಿ ಕೆಂಪಾಗಿತ್ತು.

ಮುನಿರಾಜಪ್ಪ ಬಿಡಲಿಲ್ಲ. "ಟಾಕೀಸ್ ಖಾಲಿ ಒಡೀತೈತೆ ಇನ್ಸ್‌ಪೆಕ್ಟ್ರೇ. ಶುಕ್ರವಾರದೊಳಗೆ ಎತ್ ಬಿಸಾಕ್ತಾರೆ. ಪಂತ ಕಟ್ತೀರಾ? ಎರಡನೇ ವಾರದ್ ಪೋಸ್ಟರ್ ಬಿದ್ರೆ ನನ್ ಕಿಟಕಿ ಸೀಟು ನಿಮ್ದು. ಬೀಳ್ಲಿಲ್ಲ ಅಂದ್ರೆ ನೀವು ಇಂದ್ಗಡೆ ಕೊನೇ ಸೀಟಲ್ಲಿ ಕೂತ್ಕೋಬೇಕು. ಇನ್ಮೇಲೆ ಸೋಮವಾರ ಸಿನಿಮಾ ಮಾತು ಎತ್ತಂಗಿಲ್ಲ."

ಇದು ತಮಾಷೆಯ ಗಡಿ ದಾಟಿದ ಮಾತು. ಆ ಮನುಷ್ಯನಿಂದ ಸೋಮವಾರವನ್ನು ಕಿತ್ತುಕೊಂಡರೆ ಉಳಿಯುವುದೇನು? ನಾನು ತಡೆಯಲೆಂದು ಬಾಯಿ ತೆರೆಯುವಷ್ಟರಲ್ಲಿ ಅವರು "ಕಟ್ಟೀನಿ" ಎಂದುಬಿಟ್ಟಿದ್ದರು.

ಆ ವಾರವೆಲ್ಲ ಕಾರ್ಖಾನೆಯಲ್ಲಿ ಇದೇ ಮಾತು. ಕ್ಯಾಂಟೀನಿನಲ್ಲಿ ಸಾಂಬಾರು ಬಡಿಸುವವನೂ "ಮೇಷ್ಟ್ರು ನಿಲ್ತಾರಾ?" ಎಂದು ಕೇಳುತ್ತಿದ್ದ. ಇನ್ಸ್‌ಪೆಕ್ಟ್ರು ಬುಧವಾರ ಸಂಜೆ ಮತ್ತೆ ಟಾಕೀಸಿಗೆ ಹೋಗಿದ್ದರೆಂದು ತಿಳಿಯಿತು. ಮಾರನೆಯ ದಿನ ಮುಖ ಅರಳಿತ್ತು. ಕೇಳಿದರೆ, "ಟಾಕೀಸಿನ ಮಾಲಕರು ಭಾಳ ಛಲೋ ಮನುಷ್ಯಾರ್ರೀ, ಸಿನಿಮಾ ತಿಳದಾವರು" ಎಂದಷ್ಟೇ ಹೇಳಿದರು.

ಶುಕ್ರವಾರ ಬೆಳಿಗ್ಗೆ ಯಲಹಂಕದ ಬಸ್ ನಿಲ್ದಾಣದ ಎದುರಿನ ಗೋಡೆಯ ಮೇಲೆ, ಕೆಂಪು ಮುಸುಕಿನ ಮೇಷ್ಟ್ರ ಎದೆಗೆ ಅಡ್ಡವಾಗಿ, ಹೊಸ ಪಟ್ಟಿ ಅಂಟಿತ್ತು: ಎರಡನೇ ವಾರ. ಇನ್ಸ್‌ಪೆಕ್ಟ್ರು ಬಸ್ಸು ಹತ್ತುವ ಮೊದಲು ರಸ್ತೆ ದಾಟಿ ಹೋಗಿ ಬೆರಳಿನಿಂದ ಮುಟ್ಟಿ ಬಂದರು. ಗೋಂದು ಇನ್ನೂ ಹಸಿಯಾಗಿತ್ತಂತೆ. ಬಸ್ಸಿನೊಳಗೆ ಶಿಳ್ಳೆ, ಚಪ್ಪಾಳೆ. ಕೆಂಪಣ್ಣ ಹಾರನ್ನು ಒತ್ತಿಹಿಡಿದ. ಹೆಬ್ಬಾಳದಲ್ಲಿ ಮುನಿರಾಜಪ್ಪ ಹತ್ತಿದೊಡನೆ ಎಲ್ಲರೂ ಅವನ ಕಿಟಕಿ ಸೀಟಿನತ್ತ ಕೈ ತೋರಿಸಿದರು. ಅವನು ಪೆಚ್ಚುನಗೆ ನಕ್ಕು, ಹೆಗಲ ಟವೆಲಿನಿಂದ ಸೀಟು ಒರೆಸಿ, "ಕೂತ್ಕಳಿ ಮಾರಾಜ್ರೇ" ಎಂದ. ಇನ್ಸ್‌ಪೆಕ್ಟ್ರು ಕುಳಿತರು. ಕುಳಿತದ್ದು ಅರ್ಧ ದಾರಿ ಮಾತ್ರ. ಕೂತು ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ.

ಮುಂದಿನ ಸೋಮವಾರ ಅವರು ಬಸ್ಸು ಹತ್ತಿದಾಗ ನನಗೆ ನಮಸ್ಕಾರ ಹೇಳಲಿಲ್ಲ. ನೇರ ಹೋಗಿ ನಿಂತು ಕಂಬಿ ಹಿಡಿದರು. ಹೆಬ್ಬಾಳದಲ್ಲಿ ಮುನಿರಾಜಪ್ಪ ಹತ್ತುವವರೆಗೆ ಒಂದು ಮಾತೂ ಇಲ್ಲ. ಅವನು ಹತ್ತಿದಮೇಲೆ ಹೇಳಿದರು:

"ಪಂತ ನಾ ಸೋತೀನ್ರೀ."

"ಪೋಸ್ಟರ್ ಬಿದ್ದೈತಲ್ರೀ" ಎಂದ ಮುನಿರಾಜಪ್ಪ.

"ಬಿದ್ದೈತಿ. ಹೆಂಗ ಬಿತ್ತು ಕೇಳ್ರಿ. ಬುಧವಾರ ನಾ ಟಾಕೀಸಿಗೆ ಹೋದ್ನಿಲ್ಲೋ, ಗೇಟಿನ ಕಡೆ ನಮ್ಮ ಓಣಿ ಮಂದಿ ನಿಂತಿದ್ರು. 'ಇನ್ಸ್‌ಪೆಕ್ಟ್ರು ಬಂದ್ರು, ಇನ್ಸ್‌ಪೆಕ್ಟ್ರು ಬಂದ್ರು' ಅಂದ್ರು. ಗೇಟಿನಂವ ಟಿಕೀಟು ಕೇಳಲಿಲ್ಲ, ಒಳಗ ಓಡಿದ. ಮಾಲಕರು ತಾವ ಬಂದ್ರು. ಕುರ್ಚಿ ಹಾಕಿದ್ರು. ಬಾದಾಮಿ ಹಾಲು ತರಿಸಿದ್ರು. 'ಎಲ್ಲಾ ಸರಿ ಇದೆ ಸಾರ್, ನಿಮ್ಮಿಂದ ಏನ್ ಅಪ್ಪಣೆ' ಅಂದ್ರು. ನಾ ಏನ್ ತಿಳಕೊಂಡೆ, ನನ್ನ ಸಿನಿಮಾ ಹುಚ್ಚು ಊರಿಗೆಲ್ಲಾ ಗೊತ್ತಾಗೈತಿ ಅಂತ ತಿಳಕೊಂಡೆ. 'ಈ ಪಿಚ್ಚರ್ ಇನ್ನೊಂದು ವಾರ ಇರಬೇಕು ನೋಡ್ರಿ' ಅಂದೆ. 'ಆಯ್ತು ಸಾರ್, ಆಯ್ತು ಸಾರ್' ಅಂದ್ರು."

ಬಸ್ಸಿನಲ್ಲಿ ಆಗಲೇ ಕೆಲವರಿಗೆ ಹೊಳೆದಿತ್ತು. ಟಾಕೀಸಿನವರ ಮಟ್ಟಿಗೆ ಇನ್ಸ್‌ಪೆಕ್ಟ್ರು ಅಂದರೆ ಒಬ್ಬರೇ. ಮನರಂಜನಾ ತೆರಿಗೆಯವರು. ಹೇಳದೆ ಬಂದು ಟಿಕೆಟ್ಟು, ತಲೆ ಎರಡನ್ನೂ ಎಣಿಸುವವರು.

"ನಿನ್ನೆ ಮನಿಯವರನ್ನ ಕರಕೊಂಡು ಮತ್ತ ಹೋಗಿದ್ದೆ. ಮಾಲಕರು ಕಿವಿಯಾಗ ಹೇಳಿದ್ರು, 'ಸಾರ್, ನೀವು ಹೇಳಿದಂಗೆ ಓಡಿಸ್ತಿದೀನಿ, ಟ್ಯಾಕ್ಸ್ ವಿಷಯದಲ್ಲಿ ಸ್ವಲ್ಪ ಕೈ ಬಿಡಬೇಡಿ' ಅಂತ. ಆಗ ತಿಳೀತು ನೋಡ್ರಿ. 'ಅಲ್ರೀ ಯಜಮಾನ್ರ, ನಾ ಟ್ಯಾಕ್ಸಿನಂವ ಅಲ್ಲ, ಬೋಲ್ಟು ನಟ್ಟು ನೋಡೋ ಇನ್ಸ್‌ಪೆಕ್ಟರ್ ರೀ' ಅಂದೆ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಇನ್ಸ್‌ಪೆಕ್ಟ್ರು ನಗಲಿಲ್ಲ.

"ಮಾಲಕರು ಬೈಲಿಲ್ರೀ. ಬೈದಿದ್ರ ಛಲೋ ಇತ್ತು. 'ಅಯ್ಯೋ ಸ್ವಾಮಿ, ಖಾಲಿ ಕುರ್ಚಿಗಳಿಗೆ ಸಿನಿಮಾ ತೋರಿಸ್ತಾ ಇದೀನಲ್ರೀ ನಾನು' ಅಂದ್ರು, ಅಷ್ಟ. ಬುಧವಾರದ ತನಕ ಓಡಿಸಿ ಗುರುವಾರ ಭಕ್ತಿ ಚಿತ್ರ ಹಾಕ್ತಾರಂತ. ಪೋಸ್ಟರ್ ಸುಳ್ಳು. ಗೇಜು ತಪ್ಪಿದ್ರ ಪೀಸು ಪಾಸಾದಂಗಲ್ಲ. ನಾ ಸೋತೀನಿ."

ಅಷ್ಟು ಹೇಳಿ ಹಿಂದಿನ ಕೊನೆಯ ಸೀಟಿಗೆ ಹೋಗಿ ಕುಳಿತರು.

ನಾನು ಶಿಸ್ತನ್ನು ಗೌರವಿಸುವವನು. ಮಾತಿಲ್ಲದ ಬಸ್ಸು ನನಗೆ ಇಷ್ಟವಾಗಬೇಕಿತ್ತು. ಆ ಸಂಜೆ ಹೆಬ್ಬಾಳದವರೆಗೂ ಗೇರು ಬದಲಾಯಿಸುವ ಸದ್ದೊಂದೇ ಕೇಳುತ್ತಿತ್ತು. ಮಂಗಳವಾರ ಬೆಳಿಗ್ಗೆಯೂ ಅದೇ. ತಡೆಯಲಾರದೆ ಮುನಿರಾಜಪ್ಪನೇ ಎದ್ದ.

"ಏನ್ರೀ ಇದು, ಎಣ ಒತ್ಕೊಂಡ್ ಓದಂಗೈತೆ! ಇನ್ಸ್‌ಪೆಕ್ಟ್ರೇ, ಪಂತಾನೂ ಬ್ಯಾಡ ಏನೂ ಬ್ಯಾಡ. ಬನ್ನಿ ಮುಂದಕ್ಕೆ."

"ಇಲ್ರೀ ಮುನಿರಾಜಪ್ಪಾ. ಸ್ಕ್ರಾಪ್ ಅಂತ ಸೀಲು ಒತ್ತಿದ ಮ್ಯಾಲ ಅಳಿಸೂದು ನಮ್ಮ ಸೆಕ್ಷನ್‌ದಾಗ ಇಲ್ಲ."

"ಅಲ್ಲ ಗುರುವೇ, ಯಾವ್ದೋ ಕಿತ್ತೋದ್ ಸಿನಿಮಾಕ್ಕೆ... ನಾನೂ ಇಂಟ್ರವಲ್‌ಗೇ ಎದ್ ಬಂದ್ಬುಟ್ಟೆ. ಅದಕ್ಕೋಸ್ಕರ ನೀವು ಇಂಗೆ ಕೂತ್ರೆ..."

ನಾನು ಥಟ್ಟನೆ ತಿರುಗಿದೆ. "ಇಂಟರ್‌ವಲ್‌ಗೆ ಎದ್ದು ಬಂದಿರಾ?"

"ಊಂ ಸಾರ್. ಚಪ್ಲಿ ಬಿದ್ಮೇಲೆ ಏನ್ ನೋಡೋದು?"

"ಕೆರೆ ಒಡೆಯುವುದು?"

"ಅದು ಇಂಟ್ರವಲ್ ಆದ್ಮೇಲಂತೆ. ನೋಡಿಲ್ಲ."

ನನಗೆ ನಿಜವಾಗಿ ಸಿಟ್ಟು ಬಂತು. ಅರ್ಧ ಪೀಸು ಅಳೆದು ಸ್ಕ್ರಾಪ್ ಎಂದವನ ಜೊತೆ ಈ ಮನುಷ್ಯ ಪಂತ ಕಟ್ಟಿ, ಸೋತು, ಮಾತು ಬಿಟ್ಟು ಕುಳಿತಿದ್ದಾರೆ! ನಾನು ಎದ್ದು ನಿಂತೆ. ಬಸ್ಸಿನಲ್ಲಿ ನಾನು ನಿಂತು ಮಾತಾಡಿದ್ದು ಅದೇ ಮೊದಲು.

"ಬಸ್ಸಿನ ಜವಾಬ್ದಾರಿ ನನ್ನದು, ಹೇಳುತ್ತಿದ್ದೇನೆ. ಪೂರ್ತಿ ನೋಡದೆ ಮಾಡಿದ ತೀರ್ಪು ತೀರ್ಪಲ್ಲ. ಪಂತ ತಡೆಹಿಡಿದಿದೆ. ನಾಳೆ ಬುಧವಾರ, ಕೊನೆಯ ದಿನ. ಎಲ್ಲರೂ ಸಂಜೆಯ ಮೊದಲನೇ ಆಟಕ್ಕೆ ಬರಬೇಕು. ನೋಡಿದ ಮೇಲೆ ಬಸ್ಸೇ ಹೇಳಲಿ, ಇನ್ಸ್‌ಪೆಕ್ಟ್ರು ಮುಂದೆ ನಿಲ್ಲಬೇಕೋ, ಹಿಂದೆ ಕೂರಬೇಕೋ."

"ಆರ್.ಟಿ. ನಗರದೋರು ವಾಪಸ್ ಎಂಗ್ ಓಗೋದು ಸಾರ್?" ಎಂದು ಮುನಿರಾಜಪ್ಪ ಕೇಳಿದ.

"ಬಸ್ಸಿನಲ್ಲಿ."

ಹೇಳಿದ್ದೇನೋ ಹೇಳಿದೆ, ಕಂಪನಿಯ ಬಸ್ಸನ್ನು ಸಿನಿಮಾಕ್ಕೆ ಕೇಳುವುದು ಹೇಗೆ? ನೌಕರರ ಮನೆಯ ಮದುವೆಗೆ, ಸಾವಿಗೆ ಬಸ್ಸು ಕೊಡುವ ಪದ್ಧತಿ ಇತ್ತು. ಆ ಮಧ್ಯಾಹ್ನ ಟ್ರಾನ್ಸ್‌ಪೋರ್ಟ್ ಆಫೀಸರ ಮುಂದೆ ನಿಂತೆ.

"ಮದುವೆನೋ ಸಾವೋ?" ಎಂದು ತಲೆಯೆತ್ತದೆ ಕೇಳಿದರು.

"ಎರಡೂ ಅಲ್ಲ ಸಾರ್. ಸಿನಿಮಾ."

ತಲೆಯೆತ್ತಿದರು. ಟೈಮ್ ಆಫೀಸಿನ ನನ್ನನ್ನು, ಒಂದು ನಿಮಿಷ ತಡವಾದವನನ್ನೂ ಗೇಟಿನಲ್ಲಿ ನಿಲ್ಲಿಸುವ ನನ್ನನ್ನು, ಬಹಳ ಹೊತ್ತು ನೋಡಿದರು. "ಸಿನಿಮಾಕ್ಕೆ ಬಸ್ ಕೊಡೋಕೆ ರೂಲ್ ಇಲ್ಲವಲ್ಲ ಮಾರಾಯ್ರೇ."

"ಕೊಡಬಾರದು ಅನ್ನೋದಕ್ಕೂ ಇಲ್ಲ ಸಾರ್. ನೋಡಿಕೊಂಡೇ ಬಂದಿದ್ದೇನೆ."

ಅವರು ನಕ್ಕು ಸಹಿ ಹಾಕಿದರು. ಕಾರಣ ಎಂಬ ಜಾಗದಲ್ಲಿ ಏನು ಬರೆಯಲಿ ಎಂದರು. "ಇನ್ಸ್‌ಪೆಕ್ಷನ್" ಎಂದೆ.

ಬುಧವಾರ ನಮ್ಮ ಬಸ್ಸು ಯಲಹಂಕದ ಟಾಕೀಸಿನ ಮುಂದೆ ನಿಂತಿತು. ಕಾರ್ಖಾನೆಯ ಖಾಕಿ ಅಂಗಿಯವರು ಒಬ್ಬೊಬ್ಬರಾಗಿ ಇಳಿಯತೊಡಗಿದಾಗ ಮಾಲೀಕರು ಮೆಟ್ಟಿಲ ಮೇಲೆ ಬಂದು ಎದೆಗೆ ಕೈಯಿಟ್ಟುಕೊಂಡರು. "ಅಯ್ಯಯ್ಯೋ, ಇಷ್ಟೊಂದ್ ಜನ ಇನ್ಸ್‌ಪೆಕ್ಟ್ರಾ!"

"ಹೌದ್ರೀ" ಎಂದರು ನಮ್ಮವರು. ಎರಡು ದಿನಗಳ ಮೇಲೆ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು. "ಆದ್ರ ಎಲ್ಲಾರೂ ಟಿಕೀಟು ತಗೋತಾರ."

ಚಿತ್ರಮಂದಿರದೊಳಗೆ ಕುಳಿತು ಬಹಳ ವರ್ಷಗಳಾಗಿದ್ದವು. ಬೆಂಚುಗಳಲ್ಲಿ ತಿಗಣೆ ಇತ್ತು. ಬೀಡಿಯ ಹೊಗೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಸುರುಳಿ ಸುತ್ತುತ್ತಿತ್ತು. ತಂತಿ ಕಂಡಿತು. ಚಪ್ಪಲಿ ಬಿತ್ತು. ಬಿದ್ದಾಗ ನಮ್ಮವರೆಲ್ಲ ಒಟ್ಟಿಗೆ "ಬಿತ್ತು!" ಎಂದು ಕೂಗಿದರು. ನಾನೂ ಕೂಗಿದೆನೆಂದು ಆಮೇಲೆ ಕೆಂಪಣ್ಣ ಹೇಳಿದ. ಇಂಟರ್‌ವಲ್ಲಿನಲ್ಲಿ ಮುನಿರಾಜಪ್ಪ ಎದ್ದ. ಎದ್ದವನನ್ನು ಅಕ್ಕಪಕ್ಕದವರು ಅಂಗಿ ಹಿಡಿದು ಕೂರಿಸಿದರು. "ಕಡ್ಲೇಕಾಯಿ ತರಕ್ ಕಣ್ರಯ್ಯಾ!" ಎಂದು ಅವನು ಗೋಗರೆದರೂ ಬಿಡಲಿಲ್ಲ.

ಆಮೇಲೆ ಕೆರೆ ಬಂತು. ಏರಿಯಲ್ಲಿ ಮೊದಲು ಒಂದು ಸಣ್ಣ ತೂತು. ಅದರಿಂದ ಬೆರಳಗಾತ್ರದ ನೀರು. ತೂತು ದೊಡ್ಡದಾಯಿತು. ಸೀಳು ಬಿಟ್ಟಿತು. ಮೇಷ್ಟ್ರು ಮೇಲಿನಿಂದ ತೇಲಿ ಬಂದು ಸೀಳಿನಲ್ಲಿ ಅಡ್ಡ ಬಿದ್ದುಕೊಂಡರು. ಕೆಂಪು ಬಟ್ಟೆ ಕೆಸರಾಯಿತು, ಮುಖದ ಮುಸುಕು ಕಳಚಿತು. ನೀರು ಮೂಗಿನ ಮಟ್ಟಕ್ಕೆ ಬಂದರೂ ಹಲ್ಲಿನಲ್ಲಿ ಪೀಪಿ ಕಚ್ಚಿ ಊದುತ್ತಲೇ ಇದ್ದರು. ಊರಿನಲ್ಲಿ ಯಾರೂ ಏಳುತ್ತಿಲ್ಲ. ಪೀಪಿಯ ಸದ್ದು ಸಣ್ಣದಾಗುತ್ತ ಬಂತು.

ಆಗ ನಮ್ಮ ಸಾಲಿನಿಂದ ಒಬ್ಬ ಬೆಂಚಿನ ಮೇಲೆ ಹತ್ತಿ ನಿಂತ. ಮುನಿರಾಜಪ್ಪ. ಅವನ ಅಪ್ಪ ಹೆಬ್ಬಾಳದ ಕಡೆಯ ಕೆರೆಯೊಂದರ ತೂಬು ಕಾಯುತ್ತಿದ್ದ ನೀರುಗಂಟಿಯಂತೆ. ನನಗೆ ಅದು ಆಮೇಲೆ ತಿಳಿಯಿತು. "ಲೇ, ಏಳ್ರೋ! ಯಾವನಾದ್ರೂ ಏಳ್ರೋ! ಬರೀ ಮಣ್ ಆಕ್ಬೇಡ್ರೋ, ಕೊಚ್ಕೊಂಡ್ ಓಯ್ತದೆ, ಮೊದ್ಲು ಉಲ್ ಆಕ್ರೋ, ಉಲ್ಲು!"

ತೆರೆಯ ಮೇಲೆ ಮೊದಲ ಬುಟ್ಟಿ ಮಣ್ಣು ಬಿದ್ದಾಗ ಟಾಕೀಸಿನ ತಗಡು ಹಾರಿಹೋಗುವಂತೆ ಶಿಳ್ಳೆ ಎದ್ದಿತು. ನಾನು ಇನ್ಸ್‌ಪೆಕ್ಟ್ರ ಕಡೆ ನೋಡಿದೆ. ಅವರು ತೆರೆಯನ್ನು ನೋಡುತ್ತಿರಲಿಲ್ಲ. ಬೆಂಚಿನ ಮೇಲೆ ನಿಂತು ಕೂಗುತ್ತಿದ್ದ ಮುನಿರಾಜಪ್ಪನನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಸಿನಿಮಾ ಮರುದಿನ ಹೋಯಿತು. ಭಕ್ತಿ ಚಿತ್ರ ಬಂತು, ಚೆನ್ನಾಗಿ ಓಡಿತು. ಅದು ಬೇರೆ ಮಾತು. ಆಟ ಬಿಟ್ಟಮೇಲೆ ನಮ್ಮಿಬ್ಬರ ಮನೆ ಅಲ್ಲೇ ಹತ್ತಿರವಿದ್ದರೂ, ಜನರನ್ನು ಮನೆ ಸೇರಿಸುವುದು ನನ್ನ ಹೊಣೆಯಾದ್ದರಿಂದ ನಾನು ಮತ್ತೆ ಬಸ್ಸು ಹತ್ತಿದೆ. ಇನ್ಸ್‌ಪೆಕ್ಟ್ರೂ ಹತ್ತಿದರು. ಪಂತದಂತೆ ಹಿಂದಿನ ಸೀಟಿಗೆ ಹೊರಟವರನ್ನು ಮುನಿರಾಜಪ್ಪ ತೋಳು ಹಿಡಿದು ಎಳೆದು ತಂದು ಮುಂದೆ ನನ್ನ ಪಕ್ಕ ಕೂರಿಸಿದ.

"ಪಂತ ಕೆರೆ ಪಾಲಾಯ್ತು. ಇನ್ ಎದ್ರೆ ನೋಡಿ."

ಬಸ್ಸು ಹೊರಟಿತು. ಇನ್ಸ್‌ಪೆಕ್ಟ್ರು ಗಂಟಲು ಸರಿಮಾಡಿಕೊಂಡರು. ಆದರೆ ಅವರಿಗೆ ಸಂದು ಸಿಗಲಿಲ್ಲ. ಮುನಿರಾಜಪ್ಪ ಕಂಬಿ ಹಿಡಿದು, ಹಿಂದಕ್ಕೆ ಮುಖಮಾಡಿ, ಏರಿ ಒಡೆದರೆ ಹುಲ್ಲು ಹೇಗೆ ಹಾಸಬೇಕು, ಸಿನಿಮಾದವರು ಎಲ್ಲಿ ತಪ್ಪಿದರು ಎಂದು ಶುರುಮಾಡಿದ್ದ. ಅಸೆಂಬ್ಲಿ ಸೆಕ್ಷನ್ನಿನವನೊಬ್ಬ, ತಾಯಿ ಕೆಸರಿನಲ್ಲಿ ಸಿಕ್ಕ ಕೆಂಪು ಬಟ್ಟೆಯ ಹೊಲಿಗೆ ನೋಡಿ ಮಗನನ್ನು ಗುರುತಿಸುವುದೇ ಎಲ್ಲಕ್ಕಿಂತ ದೊಡ್ಡದು ಎಂದು ವಾದಿಸಿದ. ಇನ್ನೊಬ್ಬ ಆ ಹಾಡು ತೆಗೆಯಬಾರದು ಎಂದ, ಮತ್ತೊಬ್ಬ ತೆಗೆಯಲೇಬೇಕು ಎಂದ. ಎಂದೂ ಬಾಯಿ ಬಿಡದ ಪೇಂಟ್ ಶಾಪಿನವರು ಸೀಟಿನಿಂದ ಎದ್ದು ಪೀಪಿ ಊದುವುದನ್ನು ಮಾಡಿ ತೋರಿಸಿದರು. ಕೆಂಪಣ್ಣ ಸ್ಟಿಯರಿಂಗ್ ಹಿಡಿದೇ ಕತ್ತು ತಿರುಗಿಸಿ ಏನೋ ಕೂಗುತ್ತಿದ್ದ. ರಸ್ತೆ ನೋಡಯ್ಯಾ ಎಂದು ನಾನು ಗದರಬೇಕಾಯಿತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರ ಮಾತೂ ಯಾರಿಗೂ ಪೂರ್ತಿ ಕೇಳಿಸುತ್ತಿರಲಿಲ್ಲ.

"ಇನ್ಸ್‌ಪೆಕ್ಟ್ರೇ, ನೀವ್ ಹೇಳ್ರೀ, ನೀವ್ ಹೇಳ್ರೀ!" ಎಂದು ಯಾರೋ ಕೂಗಿದರು.

ಅವರು ಎದ್ದು ನಿಂತರು. ಎಲ್ಲರೂ ಅವರತ್ತ ತಿರುಗಿದರು. ಎಲ್ಲರ ಮುಖವನ್ನೂ ಒಮ್ಮೆ ನೋಡಿದರು. ಅವರ ಕಿವಿ ಮತ್ತೆ ಕೆಂಪಾಗಿತ್ತು.

"ನಂದು ಹೇಳಿ ಆಗೈತ್ರೀ. ಈಗ ನೀವು ಹೇಳ್ರಿ. ಆದ್ರ ಒಬ್ಬೊಬ್ಬರಾಗಿ ಹೇಳ್ರಿ. ನಂಗ ಎಲ್ಲಾರ್ದೂ ಕೇಳಬೇಕು."

ನಾನು ಕೈ ಎತ್ತಿದೆ.